ಎರಿ ಮಣ್ಣಿನ ಸೈಟ್‌ನ್ಯಾಗ ಮನಿ ಪಾಯಾ: ಕಾಲಂ ಫುಟಿಂಗ್ ಸಾಕೋ, ಪೈಲ್ ಹಾಕಸ್ಬೇಕೋ?

ಎರಿಹೊಲದ_ಸೈಟು (ಹುಬ್ಬಳ್ಳಿ)

ನಮಸ್ಕಾರ್ರೀ ಎಲ್ಲಾರಿಗೂ. ಹುಬ್ಬಳ್ಳಿ ಹೊರಗ ಗದಗ ರೋಡ್ ಕಡೆ ನಮ್ದೊಂದು 30×40 ಸೈಟ್ ಐತಿ, ಮೊದ್ಲ ಹತ್ತಿ ಹೊಲ ಇತ್ತಂತ, ಎನ್‌ಎ (ಕೃಷಿಯೇತರ ಜಾಗಾ) ಆಗಿ ಲೇಔಟ್ ಆಗೇತಿ. ಪೂರ್ತಿ ಕರೀ ಎರಿ ಮಣ್ಣು. ಬ್ಯಾಸಗಿ ದಿನದಾಗ ಕೈ ಒಳಗ ಹೋಗೂವಷ್ಟು ಬಿರುಕು ಬಿಟ್ಟಿರ್ತೈತಿ, ಮಳಿ ಬಿತ್ತಂದ್ರ ಅದ ಜಾಗಾದಾಗ ಕಾಲ ಕಿತ್ತು ಇಡಾಕ ಆಗೂದಿಲ್ಲ.

ಗ್ರೌಂಡ್ ಫ್ಲೋರ್ ಈಗ, ಮ್ಯಾಲ ಒಂದು ಫ್ಲೋರ್ ಮುಂದ ಯಾವಾಗರೆ, ಹಿಂಗ ಪ್ಲಾನ್ ಐತಿ. ದೀಪಾವಳಿ ಆದಮ್ಯಾಲ ಗುದ್ದಲಿ ಪೂಜಿ ಮಾಡ್ಬೇಕಂತ ಮನ್ಯಾಗ ಹೇಳ್ಯಾರ. ಮೇಸ್ತ್ರಿ ಏನಂತಾರ ಅಂದ್ರ 5 ಫೂಟ್ ತೆಗ್ಗು ತಗದು 4×4 ಫುಟಿಂಗ್ (ಕಾಲಂ ಬುಡದ ಅಗಲ ಕಾಂಕ್ರೀಟ್ ಹಾಸು) ಹಾಕಿ ಕಾಲಂ ಎಬ್ಬಿಸಿದ್ರ ಸಾಕು, ಇಲ್ಲೆ ಎಲ್ಲಾರೂ ಹಂಗ ಮಾಡ್ಯಾರ ಅಂತಾರ. ಪರಿಚಯದ ಇಂಜಿನಿಯರ್ ಒಬ್ರು ಅಂಡರ್‌ರೀಮ್ ಪೈಲ್ (ನೆಲದಾಗ ಆಳಕ್ಕ ಕೊರದು ಹಾಕೂ, ಬುಡ ಅಗಲ ಇರೂ ಕಾಂಕ್ರೀಟ್ ಕಂಬ) ಹಾಕಸ್ರಿ ಅಂತ ಹೇಳಿದ್ರು, ಅದು ದೊಡ್ಡ ಬಿಲ್ಡಿಂಗಿಗೆ ಅಲ್ಲೇನ್ರೀ? ಆದ್ರ ಅದ ಲೇಔಟ್‌ನ್ಯಾಗ ಎರಡು ಮನಿ ಬಿಟ್ಟು ಒಂದು ಮನಿ ಐತಿ, ಕಟ್ಟಿ ಭಾಳ ವರ್ಷ ಆಗಿಲ್ಲ, ಕಿಡಕಿ ಮೂಲಿಯಿಂದ ಓರೆ ಬಿರುಕು ಬಿಟ್ಟಾವ, ಹಾಲ್‌ನ್ಯಾಗ ಟೈಲ್ಸ್ ಉಬ್ಬಿ ಎದ್ದಾವ, ಕಂಪೌಂಡ್ ಗ್ವಾಡಿ ರಸ್ತೆ ಕಡೆ ವಾಲೇತಿ. ಅದನ್ನ ನೋಡಿ ನನಗ ನಿದ್ದಿ ಬರವಲ್ದು.

ಪಾಯಾ ಕೆಲಸ ಮೊದ್ಲಿಂದ ಕೊನಿತನಕ ಹೆಂಗ ಆಗ್ತೈತಿ, ನಾವು ಮಾಲಕರು ನಿಂತು ಏನ್ ನೋಡ್ಬೇಕು, ಪೈಲ್ ಖರೇನ ಬೇಕೇನು, ತಿಳಿದವ್ರು ಹೇಳ್ರಿ.

ಸಿವಿಲ್_ದಾವಣಗೆರೆ

ಸಾರ್, ನಿಮ್ಮ ಮೇಸ್ತ್ರಿ ಸರಿನಾ ಇಂಜಿನಿಯರ್ ಸರಿನಾ ಅಂತ ಇಲ್ಲಿ ಕೂತು ಯಾರೂ ಹೇಳಕ್ಕಾಗಲ್ಲ. ಅದನ್ನ ನಿಮ್ಮ ಮಣ್ಣೇ ಹೇಳ್ಬೇಕು. ಕಪ್ಪು ಮಣ್ಣು ಎಷ್ಟು ಅಡಿ ತನಕ ಐತೆ, ಅದರ ಕೆಳಗೆ ಏನೈತೆ, ಇಷ್ಟು ಗೊತ್ತಾಗೋ ತನಕ 5 ಅಡಿ ಅನ್ನೋದಕ್ಕೂ ಅರ್ಥ ಇಲ್ಲ, ಪೈಲ್ ಅನ್ನೋದಕ್ಕೂ ಅರ್ಥ ಇಲ್ಲ. ಮೊದ್ಲು ಒಂದು ಜೆಸಿಬಿ ಕರೆಸಿ ಸೈಟಿನ ಎದುರು ಬದುರು ಎರಡು ಮೂಲೆಲಿ 8–10 ಅಡಿ ಗುಂಡಿ ಹೊಡಿಸಿ ನೋಡಿ. ಗುಂಡಿ ಒಳಗೆ ಯಾರನ್ನೂ ಇಳಿಸಬೇಡಿ, ಕಪ್ಪು ಮಣ್ಣಿನ ಗೋಡೆ ಯಾವಾಗ ಕುಸಿಯುತ್ತೆ ಹೇಳಕ್ಕಾಗಲ್ಲ, ಮೇಲಿಂದಾನೇ ನೋಡಿ, ಬಕೆಟ್‌ಲಿ ಬಂದ ಮಣ್ಣು ನೋಡಿ. ಆ ಗುಂಡಿ ಕಾಲಂ ಬರೋ ಜಾಗದಲ್ಲಿ ಬೇಡ, ಯಾಕಂದ್ರೆ ಅಲ್ಲಿ ನೆಲ ಸಡಿಲ ಆಗಿಬಿಡುತ್ತೆ.

ಈ ಮಣ್ಣು ಯಾಕೆ ಹಿಂಗೆ ಅಂದ್ರೆ ಇದರಲ್ಲಿ ಮಾಂಟ್‌ಮೊರಿಲೊನೈಟ್ ಅನ್ನೋ ಜೇಡಿ ಖನಿಜ ಇರುತ್ತೆ, ಅದರ ಪದರಗಳ ಮಧ್ಯಕ್ಕೆ ನೀರು ನುಗ್ಗಿ ಮಣ್ಣು ಊದಿಕೊಳ್ಳುತ್ತೆ, ನೀರು ಹೋದ್ರೆ ಕುಗ್ಗುತ್ತೆ. ಮನೆ ಕಟ್ಟಿದ ಮೇಲೆ ಮನೆ ನಡುವಿನ ಮಣ್ಣು ಬಿಸಿಲು ಕಾಣದೆ ಹಸಿಯಾಗೇ ಉಳಿಯುತ್ತೆ, ಸುತ್ತಲಿನ ಅಂಚು ಮಾತ್ರ ಬೇಸಿಗೇಲಿ ಒಣಗಿ ಮಳೆಗಾಲದಲ್ಲಿ ಊದ್ತಾ ಇರುತ್ತೆ, ಒಂದು ಕಡೆ ಎತ್ತುತ್ತೆ ಇನ್ನೊಂದು ಕಡೆ ಇಳಿಯುತ್ತೆ. ಇಡೀ ಮನೆ ಒಂದೇ ಸಮ ಎದ್ದು ಕೂತ್ರೆ ಏನೂ ಆಗಲ್ಲ, ಒಂದೊಂದು ಕಡೆ ಒಂದೊಂದು ಥರ ಅಲ್ಲಾಡೋದ್ರಿಂದ ನೀವು ನೋಡಿದ ಓರೆ ಬಿರುಕು ಬರೋದು. ಇನ್ನೊಂದು, ಕಂಪೌಂಡ್ ಗೋಡೆ ತೂಕ ಕಡಿಮೆ, ಮಣ್ಣು ಅದನ್ನ ಸುಲಭವಾಗಿ ಎತ್ತಿ ಹಾಕುತ್ತೆ. ಹಗುರ ಕಟ್ಟಡಕ್ಕೇ ಈ ಮಣ್ಣಲ್ಲಿ ಜಾಸ್ತಿ ಕಾಟ. ಹಂಗಾಗಿ ಪೈಲ್ ದೊಡ್ಡ ಬಿಲ್ಡಿಂಗಿಗೆ ಮಾತ್ರ ಅನ್ನೋದು ತಪ್ಪು ತಿಳುವಳಿಕೆ ಸಾರ್, ಅಂಡರ್‌ರೀಮ್ ಪೈಲನ್ನ ರೂರ್ಕಿಯ ಸಿಬಿಆರ್‌ಐ (ಕೇಂದ್ರ ಕಟ್ಟಡ ಸಂಶೋಧನಾ ಸಂಸ್ಥೆ) ಅಭಿವೃದ್ಧಿ ಮಾಡಿದ್ದೇ ಇಂಥ ಮಣ್ಣಿನ ಮೇಲೆ ಸಾಮಾನ್ಯ ಮನೆ ನಿಲ್ಲಬೇಕು ಅಂತ.

ಈಗ 4×4 ಲೆಕ್ಕ ನೋಡಿ. ಒಂದು ಕಾಲಂ ಮೇಲೆ ಫುಟಿಂಗ್ ತೂಕಾನೂ ಸೇರಿ 30 ಟನ್ ಬರುತ್ತೆ ಅಂತ ಇಟ್ಕೊಳ್ಳಿ, ಜಿ ಪ್ಲಸ್ ಒಂದಕ್ಕೆ ಇದು ಉದಾಹರಣೆ ಅಷ್ಟೇ. ಮಣ್ಣು ಚದರ ಮೀಟರಿಗೆ 20 ಟನ್ ತಡಿಯುತ್ತೆ ಅಂದ್ರೆ ಒಂದೂವರೆ ಚದರ ಮೀಟರ್ ಬೇಕು, ಅದು ಹೆಚ್ಚುಕಮ್ಮಿ 4 ಅಡಿಗೆ 4 ಅಡಿ. ಅದೇ ಮಣ್ಣು 10 ಟನ್ ಅಷ್ಟೇ ತಡಿಯುತ್ತೆ ಅಂದ್ರೆ 3 ಚದರ ಮೀಟರ್ ಬೇಕು, ಅಂದ್ರೆ ಒಂದು ಕಡೆಗೆ ಸುಮಾರು 5 ಮುಕ್ಕಾಲು ಅಡಿ. ಮೇಸ್ತ್ರಿ 4×4 ಅಂದ್ರಲ್ಲ, ಯಾವ ಮಣ್ಣಿನ ಲೆಕ್ಕದಲ್ಲಿ ಅಂತ ಕೇಳಿ ನೋಡಿ. ಸಾಯಿಲ್ ಟೆಸ್ಟ್ ಮಾಡಿಸಿ, ರಿಪೋರ್ಟ್‌ಲಿ ಎಸ್‌ಬಿಸಿ (ಮಣ್ಣು ಎಷ್ಟು ಭಾರ ತಡಿಯುತ್ತೆ ಅನ್ನೋದು) ಜೊತೆಗೆ ಫ್ರೀ ಸ್ವೆಲ್ ಇಂಡೆಕ್ಸ್ ಕೂಡ ಬರೆದುಕೊಡಿ ಅಂತ ಮೊದಲೇ ಹೇಳಿ. ಅದನ್ನ ಲ್ಯಾಬ್‌ಲಿ ಹೆಂಗೆ ಮಾಡ್ತಾರೆ ಅಂದ್ರೆ, ಒಣಗಿಸಿ ಜರಡಿ ಹಿಡಿದ ಮಣ್ಣು 10 ಗ್ರಾಂನಂತೆ ಎರಡು ಅಳತೆ ಜಾಡಿಗೆ ಹಾಕಿ, ಒಂದಕ್ಕೆ ನೀರು ಇನ್ನೊಂದಕ್ಕೆ ಸೀಮೆಎಣ್ಣೆ ತುಂಬಿ ಒಂದು ದಿನ ಬಿಡ್ತಾರೆ. ಸೀಮೆಎಣ್ಣೆಲಿ ಮಣ್ಣು ಊದಲ್ಲ. ಅದರಲ್ಲಿ 10 ಎಂಎಲ್ ನಿಂತು ನೀರಲ್ಲಿ 15 ಎಂಎಲ್ ಆಗಿದ್ರೆ 50 ಪರ್ಸೆಂಟ್ ಊದಿದೆ ಅಂತ ಲೆಕ್ಕ. 50 ದಾಟಿದ್ರೆ ಹುಷಾರಾಗಿರಬೇಕು.

ಬೆಟಗೇರಿ_ಬಸು

ಇಷ್ಟೆಲ್ಲಾ ಬೇಕೇನ್ರೀ? ನಮ್ಮ ಅಜ್ಜಾರ ಕಾಲದ ಮನಿ ಹಳ್ಳ್ಯಾಗ ಈಗೂ ನಿಂತೈತಿ, ಕಾಲಂ ಇಲ್ಲ ಪೈಲ್ ಇಲ್ಲ, ಬರೇ ಕಲ್ಲು ಮಣ್ಣು. ಈಗಿನವ್ರು ಸುಮ್ನ ಹೆದರಿಸಿ ರೊಕ್ಕ ಮಾಡ್ತಾರ. ತೆಗ್ಗಿನ ಬುಡಕ್ಕ ಒಂದ್ ಎರಡ್ ಫೂಟ್ ಉಸುಕು ತುಂಬಿ ಅದರ ಮ್ಯಾಲ ಫುಟಿಂಗ್ ಹಾಕ್ರಿ, ಏನೂ ಆಗೂದಿಲ್ಲ.

ಸಿವಿಲ್_ದಾವಣಗೆರೆ

ಬಸು ಅವ್ರೇ, ಅಜ್ಜನ ಮನೆ ವಿಚಾರ ನಿಜ, ನಾನೂ ಅಂಥ ಮನೆ ನೋಡಿದೀನಿ. ಆದ್ರೆ ಹಳೇ ಊರು ಸಾಮಾನ್ಯವಾಗಿ ದಿನ್ನೆ ಮೇಲೆ ಗಟ್ಟಿ ನೆಲ ನೋಡಿ ಕಟ್ಟಿರೋದು, ಹೊಲದ ಮಧ್ಯ ಅಲ್ಲ. ಮಣ್ಣಿನ ಗಾರೆ ಗೋಡೆ, ಮರದ ಕಂಬ ತೊಲೆ ಇರೋ ಮನೆ ಸ್ವಲ್ಪ ಅಲ್ಲಾಡಿದ್ರೂ ತಾಳ್ಕೊಳ್ಳುತ್ತೆ, ವರ್ಷಾ ವರ್ಷ ಹಬ್ಬಕ್ಕೆ ಸಾರಿಸೋವಾಗ ಬಿರುಕು ಮುಚ್ಚಿ ಹೋಗ್ತಿತ್ತು. ಸಿಮೆಂಟ್ ಗೋಡೆ ಟೈಲ್ಸಿಗೆ ಆ ಗುಣ ಇಲ್ಲ.

ಮರಳಿನ ವಿಚಾರಕ್ಕೆ ಮಾತ್ರ ನಾನು ಒಪ್ಪಲ್ಲ. ಕಪ್ಪು ಮಣ್ಣಲ್ಲಿ ಗುಂಡಿ ತೆಗೆದು ಬರೀ ಮರಳು ತುಂಬಿದ್ರೆ ಅದು ಬಾನಿ ಥರ ಆಗುತ್ತೆ, ಮಳೆ ನೀರು ಮರಳೊಳಗೆ ಇಳಿದು ಅಲ್ಲೇ ನಿಂತು ಸುತ್ತ ಇರೋ ಮಣ್ಣಿಗೆ ಕುಡಿಸ್ತಾ ಇರುತ್ತೆ. ಅದರ ಬದಲು ಊದದೇ ಇರೋ, ಆದ್ರೆ ಸ್ವಲ್ಪ ಅಂಟು ಇರೋ ಗರಸು ಮಣ್ಣು ಹಾಕಿ ಪದರ ಪದರ ದಮ್ಮಸ್ ಮಾಡ್ಬೇಕು. ಐಐಟಿ ಬಾಂಬೆಯ ಪ್ರೊಫೆಸರ್ ಕಟ್ಟಿ ಅವ್ರು ಇದೇ ವಿಷಯ ಸಂಶೋಧನೆ ಮಾಡಿ ಸಿಎನ್‌ಎಸ್ ಪದರ (ಅಂಟು ಇರೋ, ಊದದ ಮಣ್ಣಿನ ಪದರ) ಅಂತ ಮಾಡಿದ್ರು, ನಿಮ್ಮ ಕಡೆ ಮಲಪ್ರಭಾ ಕಾಲುವೆಲಿ ಅದನ್ನ ಬಳಸಿದಾರೆ, ಸುಮಾರು 1 ಮೀಟರ್ ದಪ್ಪ ಇದ್ರೆ ಕೆಳಗಿನ ಕಪ್ಪು ಮಣ್ಣಿನ ಒತ್ತಡ ಮೇಲಕ್ಕೆ ಬರಲ್ಲ ಅನ್ನೋದು ಅವ್ರ ಕೆಲಸದಿಂದ ಗೊತ್ತಾಗಿದ್ದು.

ರಾಣೆಬೆನ್ನೂರು_ಸೈಟ್ ಸೂಪರ್‌ವೈಸರ್

ಮಣ್ಣಿನ ವಿಚಾರ ಮ್ಯಾಲಿನವ್ರು ಹೇಳ್ಯಾರ, ನಾ ಕೆಲಸದ ವಿಚಾರ ಹೇಳ್ತೇನಿ, ಯಾಕಂದ್ರ ಡ್ರಾಯಿಂಗ್ ಎಷ್ಟ ಚಲೋ ಇದ್ರೂ ತೆಗ್ಗಿನ್ಯಾಗ ಕೆಡತೈತಿ.

ಮೊದ್ಲ ಮಾರ್ಕಿಂಗ್. ಗೂಟ ಹೊಡದು ದಾರ ಕಟ್ಟಿ ಸುಣ್ಣ ಹಾಕ್ತಾರ. ಮೂಲಿ ಕಾಟಕೋನ ಬಂದೈತೋ ಇಲ್ಲೋ ನೀವ ನೋಡಬಹುದು, ಒಂದ್ ದಾರದ ಮ್ಯಾಲ 3 ಫೂಟ್, ಇನ್ನೊಂದರ ಮ್ಯಾಲ 4 ಫೂಟ್ ಗುರುತು ಮಾಡ್ರಿ, ಎರಡರ ನಡುವ ಓರೆ ಅಳತಿ 5 ಫೂಟ್ ಬರಬೇಕು. ದೊಡ್ಡ ಸೈಟಿಗೆ 6, 8, 10 ಹಿಡೀರಿ, ತಪ್ಪು ಇದ್ರ ಬೇಗ ಕಾಣತೈತಿ. ಆಮ್ಯಾಲ ಮನಿ ಪೂರ್ತಿ ಚೌಕದ ಎರಡೂ ಓರೆ ಅಳೀರಿ, ಎರಡೂ ಒಂದ ಬರಬೇಕು. ಇಲ್ಲೆ ಅರ್ಧಾ ತಾಸು ನಿಂತ್ರ ಮುಂದ ಟೈಲ್ಸ್ ಹಾಕೂ ಮುಂದ ಮೂಲ್ಯಾಗ ಸೊಟ್ಟ ತುಂಡು ಕತ್ತರ್ಸೂದು ತಪ್ಪತೈತಿ.

ತೆಗ್ಗು ತಗದ ಮ್ಯಾಲ ತಡಾ ಮಾಡಬ್ಯಾಡ್ರಿ. ಎರಿ ಮಣ್ಣಿನ ತೆಗ್ಗು ವಾರಗಟ್ಟಲೆ ಬಿಸಲಿಗೆ ಬಿಟ್ರ ಬುಡ ಒಣಗಿ ಬಿರಿತೈತಿ, ಮಳಿ ಬಿದ್ರ ಕೆಸರಾಗತೈತಿ, ಎರಡೂ ಕೆಟ್ಟದ್ದು. ನೀರು ನಿಂತಿದ್ರ ಪಂಪ್ ಹಚ್ಚಿ ತಗದು, ಮೆತ್ತಗ ಆಗಿದ್ದ ಮಣ್ಣು ಪೂರಾ ಕೆರದು, ಗಟ್ಟಿ ಸಿಕ್ಕ ಮ್ಯಾಲ ಪಿಸಿಸಿ (ರಾಡ್ ಇಲ್ಲದ ಕಾಂಕ್ರೀಟ್ ಹಾಸು) ಹಾಕಸ್ರಿ. ಪಿಸಿಸಿ 4 ಇಂಚು, 1:4:8 (ಸಿಮೆಂಟ್, ಉಸುಕು, ಖಡಿ), ಫುಟಿಂಗಿಗಿಂತ ಎಲ್ಲಾ ಬದಿಗೂ 4–6 ಇಂಚು ಹೊರಗ ಇರ್ಲಿ. ಮಣ್ಣಿನ ಮ್ಯಾಲ ಸೀದಾ ಜಾಳಿಗಿ ಇಡೂದಕ್ಕ ಒಪ್ಪಬ್ಯಾಡ್ರಿ, ಸಿಮೆಂಟ್ ಹಾಲು ಮಣ್ಣು ಕುಡೀತೈತಿ, ರಾಡಿಗೆ ಮಣ್ಣು ಹತ್ತತೈತಿ.

ರಾಡಿನ ಜಾಳಿಗಿ ಕೆಳಗ 50 ಎಂಎಂ ಕವರ್ ಬ್ಲಾಕ್ ಬೇಕ ಬೇಕು. ಭಾಳ ಕಡೆ ಖಡಿ ಕಲ್ಲೋ ಒಡದ ಟೈಲ್ಸ್ ತುಂಡೋ ಇಟ್ಟುಬಿಡ್ತಾರ, ಅದು ಸರಿದು ಜಾಳಿಗಿ ಪಿಸಿಸಿಗೆ ಹತ್ತಿಬಿಡತೈತಿ, ನಾಕಾರು ವರ್ಷಕ್ಕ ರಾಡು ಜಂಗು ತಿನ್ನತೈತಿ. ಕವರ್ ಬ್ಲಾಕ್ ಸೈಟ್‌ನ್ಯಾಗ ಮುಂಚೇನ ಮಾಡಿಸಿ ನೀರಾಗ ಇಡಸ್ರಿ. ಕಾಲಂ ರಾಡ್ ಜಾಳಿಗಿ ಮ್ಯಾಲ ಕೂಡಬೇಕು, ಬುಡದಾಗ ಎಲ್ ಆಕಾರ ಬಗ್ಗಿಸಿ ಕಟ್ಟಬೇಕು. ಕಾಂಕ್ರೀಟ್ ಹಾಕೂ ಮೊದ್ಲ ತೂಕದ ಗುಂಡು ಬಿಟ್ಟು ಕಾಲಂ ನೆಟ್ಟಗ ಐತೋ ನೋಡಸ್ರಿ, ಮತ್ತ ಹಾಕಿದ ಮ್ಯಾಲೂ ಒಮ್ಮೆ, ವೈಬ್ರೇಟರ್ ಹತ್ತಿ ಸರದಿರ್ತಾವ. ಮುಂದ ಮ್ಯಾಲಿನ ರಾಡ್ ಜೋಡಸೂ ಮುಂದ ಲ್ಯಾಪ್ (ಎರಡು ರಾಡ್ ಒಂದರ ಬಾಜೂಕ್ಕೊಂದು ಕೂಡೂ ಉದ್ದ) ರಾಡಿನ ದಪ್ಪದ 50 ಪಟ್ಟು ಬಿಡಸ್ರಿ, 12 ಎಂಎಂ ರಾಡಿಗೆ 2 ಫೂಟ್. ಎಲ್ಲಾ ರಾಡ್ ಒಂದ ಎತ್ತರದಾಗ ಲ್ಯಾಪ್ ಮಾಡಬಾರ್ದು.

ಕಾಂಕ್ರೀಟ್ ಎಂ20, ಅಂದ್ರ 1:1.5:3. ನೀರಿನ ಮ್ಯಾಲ ಕಣ್ಣಿಡ್ರಿ. ಮಿಕ್ಸರ್ ಹುಡುಗ್ರು ಸಲೀಸ್ ಆಗ್ಲಿ ಅಂತ ಪೈಪ್ ಹಿಡದ ಬಿಡ್ತಾರ. ಸಿಮೆಂಟ್ ಚೀಲಕ್ಕ 27 ಲೀಟರ್ ದಾಟಬಾರ್ದು, ಉಸುಕು ಹಸಿ ಇದ್ರ ಇನ್ನೂ ಕಡಿಮಿ. ಅಳತಿ ಡಬ್ಬಿ ಕೊಟ್ಟು ಅದ್ರಾಗ ಹಾಕಸ್ರಿ. ಒಂದು ಫುಟಿಂಗ್ ಶುರು ಮಾಡಿದ್ರ ಅರ್ಧಕ್ಕ ಬಿಟ್ಟು ಊಟಕ್ಕ ಹೋಗೂದು ಬ್ಯಾಡ. ಕ್ಯೂರಿಂಗ್ ಪಿಪಿಸಿ (ಹಾರುಬೂದಿ ಬೆರಸಿದ) ಸಿಮೆಂಟ್ ಇದ್ರ 10 ದಿನಕ್ಕ ಕಡಿಮಿ ಮಾಡಬ್ಯಾಡ್ರಿ, ನಮ್ಮ ಕಡೆ ಬಿಸಲಿಗೆ 14 ಚಲೋ. ಚೀಲ ಹೊಚ್ಚಿ ಹಸಿ ಇಟ್ರ ಸಾಕು, ತೆಗ್ಗಿನ್ಯಾಗ ನೀರು ನಿಲ್ಲಸೂದು ಎರಿ ಮಣ್ಣಿಗೆ ಒಳ್ಳೇದಲ್ಲ.

ಪುತ್ತೂರು_ತೋಟದಮನೆ

ನಮ್ಮ ಕಡೆ ಇಷ್ಟು ಕಷ್ಟ ಇಲ್ಲ ಮಾರಾಯ್ರೇ, ಜಂಬಿಟ್ಟಿಗೆ ನೆಲ, ಎರಡು ಮೂರು ಅಡಿ ಅಗೆದರೆ ಗಟ್ಟಿ ಸಿಗ್ತದೆ, ಕಾಡುಕಲ್ಲು ಹಾಕಿ ಪಂಚಾಂಗ (ಪಾಯ) ಕಟ್ಟಿ ಮೇಲೆ ಒಂದು ಬೆಲ್ಟ್ ಹಾಕಿದರೆ ಆಯ್ತು. ನನ್ನ ಭಾವ ಧಾರವಾಡದಲ್ಲಿ ಸೈಟ್ ತೆಗೊಂಡಿದ್ದಾರೆ, ಊರಿನ ಮೇಸ್ತ್ರಿಯನ್ನೇ ಕರ್ಕೊಂಡು ಹೋಗಿ ಇದೇ ತರ ಮಾಡಿಸುವ ಅಂತ ಲೆಕ್ಕ ಹಾಕ್ತಾ ಇದ್ರು. ಇದು ಓದಿದ ಮೇಲೆ ಅವರಿಗೆ ಫೋನ್ ಮಾಡಿ ಮೊದಲು ಮಣ್ಣು ನೋಡಿಸಿ ಅಂತ ಹೇಳಿದೆ. ಅಲ್ಲಿ ಸೈಟಿನ ಅರ್ಧ ಕೆಂಪು, ಅರ್ಧ ಕಪ್ಪು ಅಂತೆ. ಹಾಗಿದ್ರೆ ಏನು ಮಾಡುವುದು?

ಸಿವಿಲ್_ದಾವಣಗೆರೆ

ಅದು ಪೂರ್ತಿ ಕಪ್ಪು ಇರೋದಕ್ಕಿಂತ ಸೂಕ್ಷ್ಮ. ಕೆಂಪು ಕಡೆ ಅಲ್ಲಾಡಲ್ಲ, ಕಪ್ಪು ಕಡೆ ಅಲ್ಲಾಡುತ್ತೆ, ಮನೆ ನಡುವೆ ಸೀಳು ಬರುತ್ತೆ. ಎಲ್ಲಾ ಫುಟಿಂಗೂ ಒಂದೇ ಥರದ ಗಟ್ಟಿ ಪದರದ ಮೇಲೆ ಕೂರಬೇಕು, ಕಪ್ಪು ಕಡೆ ಆಳ ಜಾಸ್ತಿ ಆದ್ರೂ ಸರಿ. ಧಾರವಾಡದ ಭಾವನಿಗೆ ಸಾಯಿಲ್ ಟೆಸ್ಟ್ ಎರಡೂ ಕಡೆ ಮಾಡಿಸಕ್ಕೆ ಹೇಳಿ.

ಎರಿಹೊಲದ_ಸೈಟು (ಹುಬ್ಬಳ್ಳಿ)

ಎಲ್ಲಾರಿಗೂ ಭಾಳ ಧನ್ಯವಾದ್ರೀ. ನಿನ್ನೆ ಜೆಸಿಬಿ ತರಿಸಿ ಎರಡು ಮೂಲ್ಯಾಗ ತೆಗ್ಗು ಹೊಡಸಿದ್ವಿ. ರಸ್ತೆ ಕಡೆ ಮೂಲ್ಯಾಗ 7 ಫೂಟ್‌ತನಕ ಎರಿ, ಆಮ್ಯಾಲ ಹಳದಿ ಗರಸು ಹತ್ತಿತು. ಹಿಂದಿನ ಮೂಲ್ಯಾಗ 10 ಫೂಟ್ ಹೋದ್ರೂ ಇನ್ನೂ ಕರೇನ ಬರಾಕತ್ತಿತ್ತು, ನಡುವ ನಡುವ ಬಿಳೀ ಸುಣ್ಣದ ಹಳ್ಳು. ಹಿಂದ ಒಂದು ಸಣ್ಣ ಹಳ್ಳ ಹರೀತಿತ್ತಂತ ಹಳೇ ಹೊಲದವ್ರು ಹೇಳಿದ್ರು. ಮೇಸ್ತ್ರೀನೂ ಬಂದು ನೋಡಿ ಸುಮ್ನಾದ್ರು, ಇಷ್ಟ ಆಳ ಐತಂತ ಗೊತ್ತಿರಲಿಲ್ಲ ಅಂದ್ರು. ಈಗ ಪೈಲ್ ಅಂತ ಮನಸ್ಸು ಮಾಡೇವಿ. ಸ್ವಾಯಿಲ್ ಟೆಸ್ಟಿಗೂ ಹೇಳೇವಿ. ಪೈಲ್ ಕೆಲಸ ಹೆಂಗ ನಡೀತೈತಿ, ನೆಲದ ಒಳಗ ಏನ್ ಮಾಡಿದ್ರೂ ಕಾಣೂದಿಲ್ಲಲ್ಲ, ಸರಿ ಆಗೇತೋ ಇಲ್ಲೋ ತಿಳಿಯೂದು ಹೆಂಗ?

ಸಿವಿಲ್_ದಾವಣಗೆರೆ

ಒಳ್ಳೇ ಕೆಲಸ ಮಾಡಿದ್ರಿ. ಒಂದು ಕಡೆ 7 ಇನ್ನೊಂದು ಕಡೆ 10 ದಾಟಿದೆ ಅಂದ್ರೆ ಅಷ್ಟು ಆಳಕ್ಕೆ ಓಪನ್ ಗುಂಡಿ ತೆಗೆಯೋ ಖರ್ಚು, ಮತ್ತೆ ತುಂಬಿಸೋ ಖರ್ಚು, ಕುಸಿಯೋ ಅಪಾಯ ಎಲ್ಲಾ ಸೇರಿಸಿ ನೋಡಿದ್ರೆ ಪೈಲೇ ಸರಿ.

ಪೈಲ್ ಅಂದ್ರೆ ದೊಡ್ಡ ಮಷಿನ್ ಬರುತ್ತೆ ಅಂತ ಅಂದ್ಕೋಬೇಡಿ. ಸ್ಪೈರಲ್ ಆಗರ್ ಅನ್ನೋ ತಿರುಪಿನ ಉಪಕರಣ, ಮೂರುಕಾಲಿನ ಸ್ಟ್ಯಾಂಡ್, ತಿರುಗಿಸಕ್ಕೆ ನಾಕು ಜನ, ಇಷ್ಟರಲ್ಲೇ ಆಗುತ್ತೆ. ಮನೆಗಳಿಗೆ ಸಾಮಾನ್ಯವಾಗಿ 250 ಅಥವಾ 300 ಎಂಎಂ ವ್ಯಾಸದ ರಂಧ್ರ ಕೊರೀತಾರೆ. ಆಳ ಕನಿಷ್ಠ 3.5 ಮೀಟರ್, ಅಂದ್ರೆ ಹನ್ನೊಂದೂವರೆ ಅಡಿ, ಯಾಕಂದ್ರೆ ಮಳೆ ಬಿಸಿಲಿಗೆ ಮಣ್ಣಿನ ತೇವ ಏರಿಳಿಯೋದು ಹೆಚ್ಚುಕಮ್ಮಿ ಅಷ್ಟರೊಳಗೇ, ಅದರ ಕೆಳಗೆ ಮಣ್ಣು ಸ್ಥಿರವಾಗಿರುತ್ತೆ. ನಿಮ್ಮ ಹಿಂದಿನ ಮೂಲೆಗೆ ಇನ್ನೂ ಜಾಸ್ತಿ ಬೇಕಾಗಬಹುದು, ಅದನ್ನ ರಿಪೋರ್ಟ್ ನೋಡಿ ಡಿಸೈನರ್ ಹೇಳ್ತಾರೆ. ತಳ ಮುಟ್ಟಿದ ಮೇಲೆ ಅಂಡರ್‌ರೀಮರ್ ಇಳಿಸ್ತಾರೆ, ಅದನ್ನ ಕೆಳಗೆ ಒತ್ತಿ ತಿರುಗಿಸಿದ್ರೆ ಬ್ಲೇಡ್‌ಗಳು ಹೊರಗೆ ತೆರಕೊಂಡು ಮಣ್ಣು ಕೆತ್ತುತ್ತವೆ, ಮಣ್ಣು ಕೆಳಗಿನ ಬಕೆಟ್‌ಗೆ ಬೀಳುತ್ತೆ. ಹಿಂಗೆ ಬುಡದ ಹತ್ರ ರಂಧ್ರದ ಎರಡೂವರೆ ಪಟ್ಟು ಅಗಲದ ಬಲ್ಬ್ ಆಗುತ್ತೆ, 300 ಎಂಎಂ ಪೈಲಿಗೆ 750 ಎಂಎಂ. ಮೇಲಿನ ಮಣ್ಣು ಊದಿ ಪೈಲನ್ನ ಮೇಲಕ್ಕೆ ಎಳೆಯೋವಾಗ ಈ ಬಲ್ಬ್ ಕೆಳಗೆ ಹಿಡಿದು ನಿಲ್ಲಿಸುತ್ತೆ. ಅದಕ್ಕೇ ಪೈಲಿನ ರಾಡ್ ತಲೆಯಿಂದ ತಳದ ತನಕ ಪೂರ್ತಿ ಇರಬೇಕು, ಉಳಿತಾಯ ಅಂತ ಅರ್ಧಕ್ಕೆ ಕಟ್ ಮಾಡಿದ್ರೆ ಎಳೆತಕ್ಕೆ ಅಲ್ಲೇ ಸೀಳುತ್ತೆ.

ಕಾಣಲ್ಲ ಅಂದ್ರಲ್ಲ, ಅದಕ್ಕೂ ದಾರಿ ಇದೆ. ಕೊರೆಯೋವಾಗ ನಿಲ್ಲಿ. ಆಳವನ್ನ ಟೇಪ್ ಬಿಟ್ಟು ನೀವೇ ಅಳೆದು ಪ್ರತಿ ಪೈಲಿಗೂ ಬರೆದಿಟ್ಕೊಳ್ಳಿ. ಕೆಲಸ ಶುರು ಮಾಡೋ ಮುಂಚೆ ನೆಲದ ಮೇಲೇ ಅಂಡರ್‌ರೀಮರ್ ಪೂರ್ತಿ ತೆರೆಸಿ ಬ್ಲೇಡ್ ಅಗಲ ಅಳೀರಿ, ಹಿಡಿಕೆ ಎಷ್ಟು ಇಂಚು ಕೆಳಗೆ ಹೋದಾಗ ಪೂರ್ತಿ ತೆರೆಯುತ್ತೆ ಅಂತ ಗುರುತು ಮಾಡಿಸಿ. ಒಳಗೆ ಬಿಟ್ಟಾಗ ಹಿಡಿಕೆ ಆ ಗುರುತಿಗೆ ಇಳಿದು, ಇನ್ನು ಮಣ್ಣು ಬರ್ತಿಲ್ಲ ಅಂದ್ರೆ ಬಲ್ಬ್ ಆಗಿದೆ ಅಂತ ಅರ್ಥ. ಅರ್ಧಂಬರ್ಧ ಬಕೆಟ್ ತೆಗೆದು ಆಯ್ತು ಅಂದ್ರೆ ಒಪ್ಪಬೇಡಿ. ರಂಧ್ರ ಕೊರೆದ ದಿನವೇ ಕಾಂಕ್ರೀಟ್ ಆಗ್ಲಿ, ರಾತ್ರಿ ಬಿಟ್ರೆ ಬಲ್ಬ್ ಅಂಚು ಉದುರುತ್ತೆ. ಒಳಗೆ ನೀರು ಬಂದಿದ್ರೆ ಮೇಲಿಂದ ಸುರಿಯೋದು ಬೇಡ, ತಳದ ತನಕ ಪೈಪ್ ಇಳಿಸಿ ಟ್ರೆಮಿ ವಿಧಾನದಲ್ಲಿ ಹಾಕಿಸಿ. ಎರಡು ಪೈಲ್ ಮಧ್ಯ ಅಂತರ ಬಲ್ಬ್ ವ್ಯಾಸದ ಎರಡರಷ್ಟು, ಅಂದ್ರೆ 750ಕ್ಕೆ ಒಂದೂವರೆ ಮೀಟರ್.

ಈಗ ಬಹಳ ಜನ ಕೆಡಿಸೋ ಜಾಗ ಹೇಳ್ತೀನಿ. ಪೈಲ್ ತಲೆ ಮೇಲೆ ಗ್ರೇಡ್ ಬೀಮ್ ಬರುತ್ತೆ, ಗೋಡೆ ತೂಕ ಎಲ್ಲಾ ಅದು ಹೊತ್ತು ಪೈಲಿಗೆ ಕೊಡುತ್ತೆ. ಆ ಬೀಮ್ ಕೆಳಗೆ ಮಣ್ಣಿಗೂ ಬೀಮಿಗೂ ಮಧ್ಯ ಕನಿಷ್ಠ 80 ಎಂಎಂ ಖಾಲಿ ಬಿಡಬೇಕು ಅಂತ ಪೈಲ್ ಪಾಯದ ಭಾರತೀಯ ಮಾನಕ ಐಎಸ್ 2911ರಲ್ಲೇ ಇದೆ. ಮಣ್ಣು ಊದಿದ್ರೆ ಆ ಸಂದಿಗೆ ಊದಲಿ ಅಂತ. ನಮ್ಮವ್ರು ಏನ್ ಮಾಡ್ತಾರೆ, ಸೆಂಟ್ರಿಂಗ್ ಉಳಿಸಕ್ಕೆ ಮಣ್ಣು ಮಟ್ಟ ಮಾಡಿ ಅದರ ಮೇಲೇ ಬೀಮ್ ಹಾಕಿಬಿಡ್ತಾರೆ. ಪೈಲಿಗೆ ಕೊಟ್ಟ ದುಡ್ಡೆಲ್ಲಾ ಅಲ್ಲಿಗೆ ನೀರಿಗೆ ಹೋದ ಹಂಗೆ, ಮಣ್ಣು ಬೀಮನ್ನೇ ಎತ್ತುತ್ತೆ. ಸಂದಿ ಉಳಿಸಿ, ಆಮೇಲೆ ಪಕ್ಕದಿಂದ ಮಣ್ಣು ಒಳಗೆ ಜಾರದಂಗೆ ಎರಡೂ ಬದಿ ತೆಳು ಇಟ್ಟಿಗೆ ನಿಲ್ಲಿಸಿ ಮುಚ್ಚಿಸಿ.

ಗದಗ_ಶಾಂತಕ್ಕ

ತಮ್ಮಾ, ಪೈಲ್ ವಿಚಾರ ಆತು, ನೆಲದ ವಿಚಾರ ಮರೀಬ್ಯಾಡ. ನಮ್ಮ ಓಣ್ಯಾಗ ಪೈಲ್ ಹಾಕಿಸಿದ ಮನ್ಯಾಗೂ ಟೈಲ್ಸ್ ಎದ್ದಾವ, ಗ್ವಾಡಿ ಮಾತ್ರ ಗಟ್ಟಿ. ಯಾಕಂದ್ರ ಪಾಯಾದ ತೆಗ್ಗಿನ ಎರಿ ಮಣ್ಣ ಮತ್ತ ಒಳಗ ತುಂಬಿ ಮ್ಯಾಲ ಫ್ಲೋರಿಂಗ್ ಮಾಡಿದ್ರು. ಮನಿ ಒಳಗಿನ ಎರಿ ಸಾಧ್ಯ ಆದಷ್ಟು ತಗಸಿ ಹೊರಗ ಹಾಕಸು, 3 ಫೂಟ್ ಆದ್ರೂ ಹೋಗ್ಲಿ. ಆ ಜಾಗಕ್ಕ ಗರಸು ತುಂಬಸು. ಒಮ್ಮೇ ಟಿಪ್ಪರ್ ಸುರುವಿ ಮ್ಯಾಲ ನೀರ್ ಬಿಟ್ರ ಆಗೂದಿಲ್ಲ, 6 ಇಂಚಿಗೊಂದು ಪದರ ಹರವಿ, ಹದಕ್ಕ ನೀರ್ ಚಿಮಕಿಸಿ, ದಮ್ಮಸ್ ಹೊಡಸಿ, ಮತ್ತ ಇನ್ನೊಂದು ಪದರ.

ಮನಿ ಸುತ್ತ 4 ಫೂಟ್ ಅಗಲ ಕಾಂಕ್ರೀಟ್ ಪಟ್ಟಿ ಹಾಕಸು, ಹೊರಗ ಇಳಕಲು ಇರ್ಲಿ. ಮ್ಯಾಳಿಗಿ ನೀರಿನ ಪೈಪು ಪಾಯಾದ ಬುಡಕ್ಕ ಬೀಳಬಾರ್ದು, ಗಟಾರ್‌ತನಕ ಒಯ್ಯಬೇಕು. ಸಂಪು, ಸೆಪ್ಟಿಕ್ ಟ್ಯಾಂಕು ಪಾಯಾಕ್ಕ ಅಂಟಿಸಿ ಕಟ್ಟೂದು ಬ್ಯಾಡ, ಸೋರೂ ಸಂಪು ಇದ್ರ ಬ್ಯಾಸಗ್ಯಾಗೂ ಒಂದ ಮೂಲಿ ಹಸಿ, ಉಳದದ್ದು ಒಣಾ, ಅದ ಗ್ವಾಡಿ ಸೀಳತೈತಿ. ಬೇವಿನ ಗಿಡಾ ಮನಿಗೆ ಹತ್ತಿ ಹಚ್ಚಬ್ಯಾಡ, ಬೇರು ದೂರದಿಂದ ನೀರ್ ಎಳೀತಾವ, ಗಿಡದ ಎತ್ತರದಷ್ಟರೆ ದೂರ ಇರ್ಲಿ. ಗರಸು ತುಂಬಿದ ಮ್ಯಾಲ, ಫ್ಲೋರ್ ಕಾಂಕ್ರೀಟ್ ಹಾಕೂ ಮೊದ್ಲ ಗೆದ್ದಲಿ ಔಷಧಾನೂ ಹೊಡಸು, ಆಮ್ಯಾಲ ಟೈಲ್ಸ್ ತೂತು ಕೊರದು ಹಾಕಸೂದು ಭಾಳ ತ್ರಾಸು.

ಎರಿಹೊಲದ_ಸೈಟು (ಹುಬ್ಬಳ್ಳಿ)

ಅಕ್ಕಾರ, ಸಂಪು ನಾವು ಹಿಂದಿನ ಮೂಲ್ಯಾಗ ಇಟ್ಟಿದ್ವಿ, ಅಲ್ಲೇ ಎರಿ ಆಳ ಇರೂದು. ಪ್ಲಾನ್ ತಿದ್ದಿಸಿ ಮುಂದಿನ ಕಡೆ ಗೇಟಿನ ಹತ್ರ ತರ್ತೇವಿ. ಕಂಪೌಂಡಿಗೂ ಸಣ್ಣ ಪೈಲ್ ಬೇಕೇನ್ರೀ ಸರ್? ಪೈಲ್ ಕೊಟೇಶನ್ ಕೇಳಿದ್ರ ಒಬ್ರು ಪೈಲಿಗೆ ಇಷ್ಟಂತ ಒಂದ ರೇಟ್ ಹೇಳಿದ್ರು, ಇನ್ನೊಬ್ರು ಫೂಟಿನ ಲೆಕ್ಕ ಹೇಳಿದ್ರು.

ಸಿವಿಲ್_ದಾವಣಗೆರೆ

ಕಂಪೌಂಡಿಗೆ 200 ಎಂಎಂ ಪೈಲ್ ದೂರ ದೂರ ಹಾಕಿ ಮೇಲೆ ಬೀಮ್ ಕೊಟ್ರೆ ಚೆನ್ನಾಗಿರುತ್ತೆ, ಬಜೆಟ್ ಇಲ್ಲ ಅಂದ್ರೆ ಈಗ ತಂತಿ ಬೇಲಿ ಹಾಕಿ ಬಿಡಿ, ಮನೆ ಮುಗಿದ ಮೇಲೆ ನೋಡಿ. ಮನೆ ಬೀಮಿಗೂ ಕಂಪೌಂಡಿಗೂ ಮಾತ್ರ ಜೋಡಿಸಬೇಡಿ, ಮಧ್ಯ ಸಂದಿ ಇರಲಿ.

ರೇಟು ಫೂಟಿನ ಲೆಕ್ಕದಲ್ಲೇ ತಗೊಳ್ಳಿ, ಬಲ್ಬಿಗೆ ಬೇರೆ ರೇಟ್ ಬರೆಸಿ. ಪೈಲಿಗೆ ಇಷ್ಟು ಅಂತ ಒಪ್ಪಿಕೊಂಡ್ರೆ ಹಿಂದಿನ ಮೂಲೆಲಿ ಆಳ ಜಾಸ್ತಿ ಬೇಕಾದಾಗ ಅವ್ರಿಗೆ ಮನಸ್ಸು ಬರಲ್ಲ. ರಾಡು ಸಿಮೆಂಟ್ ಯಾರದ್ದು, ತೆಗೆದ ಮಣ್ಣು ಯಾರು ಸಾಗಿಸ್ತಾರೆ, ಇದೂ ಅದೇ ಕಾಗದದಲ್ಲಿ ಇರಲಿ. ಸಾಯಿಲ್ ರಿಪೋರ್ಟ್ ಬಂದ ಮೇಲೆ ಹೆಸರು ಫೋನ್ ನಂಬರ್ ಅಳಿಸಿ ಇಲ್ಲಿ ಹಾಕಿ, ಗ್ರೇಡ್ ಬೀಮ್ ರಾಡ್ ನೋಡಿ ಹೇಳ್ತೀನಿ.